ಯಂತ್ರದೋಷವಿಚಾರ: ವಲಿಯತ್ತಾನರ ಹೃದಯಕವಾಟವೂ ವೈದ್ಯಗ್ರಂಥಗಳೂ

೧

ಬಳ್ಳಾರಿಯ ಸಮೀಪದ ಸಂಗನಕಲ್ಲು ಮತ್ತು ಕಪ್ಪಗಲ್ಲು ಗ್ರಾಮಗಳ ಗುಡ್ಡಗಳು ಕರ್ಣಾಟಕದ ನವಶಿಲಾಯುಗದ ಚರಿತ್ರೆಯನ್ನು ಬಲ್ಲವರಿಗೆ ಅಪರಿಚಿತವಾದುವಲ್ಲ. ೧೮೭೨ರಲ್ಲಿ ಭೂಶಾಸ್ತ್ರಜ್ಞರಾದ ರಾಬರ್ಟ್ ಬ್ರೂಸ್ ಫೂಟರು ಈ ಪ್ರದೇಶದಲ್ಲಿ ಕಲ್ಲುಗೊಡಲಿಗಳನ್ನು ತಯಾರಿಸುತ್ತಿದ್ದ ಸ್ಥಳವನ್ನು ಗುರುತಿಸಿದರು. ೧೯೪೮ರಲ್ಲಿ ಬಿ. ಸುಬ್ಬರಾಯರು ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು. ೧೯೬೪-೬೫ರಲ್ಲಿ ಅನ್ಸಾರಿ ಮತ್ತು ನಾಗರಾಜರಾಯರು ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿದರು. ತರುವಾಯ ರವಿ ಕೋರಿಶೆಟ್ಟರರೂ ಅವರ ಸಹೋದ್ಯೋಗಿಗಳೂ ಈ ಕೆಲಸವನ್ನು ಇನ್ನೂ ಸೂಕ್ಷ್ಮವಾದ ರೀತಿಯಲ್ಲಿ ಮುಂದುವರಿಸಿದರು. ಬಳ್ಳಾರಿಯಲ್ಲಿ ಫೂಟರ ಹೆಸರನ್ನೂ ಸಂಗನಕಲ್ಲಿನ ಹೆಸರನ್ನೂ ಒಟ್ಟಿಗೆ ಧರಿಸಿದ ವಸ್ತುಸಂಗ್ರಹಾಲಯವು ಈ ಪರಿಶ್ರಮದ ಫಲವಾಗಿದೆ.

ಹಿರೇಗುಡ್ಡದ ಗ್ರಾನೈಟ್ ಬಂಡೆಗಳ ನಡುವೆ ಡಾಲರೈಟ್ ಎಂಬ ಕರಿಯ ಗಡಸುಕಲ್ಲಿನ ಪಟ್ಟೆಯೊಂದು ಹಾದುಹೋಗಿರುವುದು. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಜನರು ಆ ಕಲ್ಲನ್ನು ಒಡೆದು, ಚಕ್ಕೆ ತೆಗೆದು, ಕುಟ್ಟಿ, ಉಜ್ಜಿ, ನಯಮಾಡಿ ಕೊಡಲಿಗಳನ್ನು ರೂಪಿಸಿದರು. ಕೆಲಸ ಮುಗಿದ ಕೊಡಲಿಗಳಲ್ಲಿ ಬಹುಭಾಗವು ಉಪಯೋಗಕ್ಕೆಂದು ಬೇರೆಡೆಗೆ ಹೋಯಿತು. ಗುಡ್ಡದ ಮೇಲೆ ಉಳಿದುದು ಚಕ್ಕೆಗಳ ರಾಶಿ; ಅರ್ಧದಲ್ಲಿ ಮುರಿದ ಅಚ್ಚುಗಳು; ವಕ್ರವಾಗಿ ಬಿರಿದುದರಿಂದ ಬಿಸುಟ ತುಂಡುಗಳು. ಆ ಜನರ ಕೈಕೆಲಸದ ಕ್ರಮವನ್ನು ವಿದ್ವಾಂಸರು ತಿಳಿದುಕೊಂಡುದು ಮುಖ್ಯವಾಗಿ ಈ ತ್ಯಾಜ್ಯದಿಂದಲೇ. ನಯವಾದ ಕೊಡಲಿಯು ತನ್ನ ಮೈಮೇಲಿನ ಹಿಂದಿನ ಪೆಟ್ಟುಗಳ ಗುರುತನ್ನು ತಾನೇ ಅಳಿಸಿಕೊಂಡಿರುತ್ತದೆ. ಮುರಿದ ಅಚ್ಚಾದರೋ ಯಾವ ಪೆಟ್ಟು ಎಲ್ಲಿ ಬಿದ್ದಿತು, ಯಾವುದು ತಪ್ಪಿತು ಎಂಬುದನ್ನು ಹಾಗೆಯೇ ಉಳಿಸಿಕೊಂಡಿರುತ್ತದೆ.

ಇದರಿಂದ ಉಪಕರಣಗಳ ಚರಿತ್ರೆಯನ್ನು ಬರೆಯುವವರಿಗೆ ಒಂದು ಒರೆಗಲ್ಲು ದೊರೆಯುವುದು: ಕೈಬಿಟ್ಟ ಮಾದರಿಗಳ ವೃತ್ತಾಂತವಿಲ್ಲದೆ ಕೈಗೂಡಿದ ಮಾದರಿಯ ಅರ್ಥವು ತಿಳಿಯದು. ಈ ಒರೆಗಲ್ಲಿಗೆ ಹಚ್ಚಿ ನೋಡಲು ತಕ್ಕ ಆಧುನಿಕ ನಿದರ್ಶನವೊಂದು ಕರ್ಣಾಟಕದ ವಿದ್ಯಾಜೀವನದೊಳಗೇ ಇದೆ. ಹೃದಯದ ಶಸ್ತ್ರವೈದ್ಯರೂ, ಕೃತಕ ಹೃದಯಕವಾಟದ ನಿರ್ಮಾತೃಗಳೂ, ಮಣಿಪಾಲದ ವಿಶ್ವವಿದ್ಯಾಲಯದ ಮೊದಲನೆಯ ಉಪಕುಲಪತಿಗಳೂ, ಚರಕ ಸುಶ್ರುತ ವಾಗ್ಭಟರನ್ನು ಕುರಿತ ಮೂರು ಇಂಗ್ಲಿಷ್ ಗ್ರಂಥಗಳ ಕರ್ತೃಗಳೂ ಆದ ಎಂ. ಎಸ್. ವಲಿಯತ್ತಾನರ ಕೃತಿಸಮುದಾಯವೇ ಅದು. ಅವರು ಯಂತ್ರವನ್ನೂ ಮಾಡಿದರು, ಗ್ರಂಥವನ್ನೂ ಮಾಡಿದರು. ಒಂದೇ ಕೈಯಿಂದ ಬಂದ ಈ ಎರಡು ಕಾರ್ಯಗಳಲ್ಲಿ ದೋಷವೆಂಬುದಕ್ಕೆ ಒಂದೇ ಬಗೆಯ ಸ್ಥಾನವು ದೊರೆತಿದೆಯೇ ಎಂಬುದು ಪ್ರಕೃತ ವಿಮರ್ಶೆಯ ಪ್ರಶ್ನೆ.

೨

ವಲಿಯತ್ತಾನರು ೧೯೩೪ರಲ್ಲಿ ಕೇರಳದ ಮಾವೇಲಿಕ್ಕರದಲ್ಲಿ ಜನಿಸಿದರು. ತಿರುವನಂತಪುರದಲ್ಲಿ ವೈದ್ಯವಿದ್ಯೆಯನ್ನು ಕಲಿತು, ಬ್ರಿಟನ್ನಿನಲ್ಲಿ ಶಸ್ತ್ರವೈದ್ಯದ ಉನ್ನತ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಚಂಡೀಗಢದಲ್ಲಿ ಕೆಲಕಾಲವಿದ್ದು, ಅನಂತರ ಅಮೆರಿಕೆಯಲ್ಲಿ ಹೃದಯಶಸ್ತ್ರಕ್ರಿಯೆಯನ್ನು ಅಭ್ಯಾಸಮಾಡಿದರು. ಅಲ್ಲಿ ಅವರಿಗೆ ಗುರುಗಳಾದವರಲ್ಲಿ ಚಾರ್ಲ್ಸ್ ಹಫ್‌ನಗೆಲರು ಒಬ್ಬರು. ೧೯೫೨ರಲ್ಲಿ ರೋಗಿಯೊಬ್ಬರ ಮಹಾಧಮನಿಯೊಳಗೆ ಕೃತಕ ಕವಾಟವನ್ನಿಟ್ಟವರು ಈ ಹಫ್‌ನಗೆಲರೇ. ಆದಕಾರಣ ಕವಾಟವೆಂಬುದು ವಲಿಯತ್ತಾನರಿಗೆ ಗುರುಪರಂಪರೆಯಿಂದ ಬಂದ ವಿಷಯವೆಂದು ಹೇಳಬಹುದು. ೧೯೭೪ರಲ್ಲಿ ಅವರು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಭಾರವನ್ನು ವಹಿಸಿದರು. ೧೯೮೦ರಲ್ಲಿ ಅದು ಸಂಸತ್ತಿನ ಶಾಸನದಿಂದ ರಾಷ್ಟ್ರೀಯ ಮಹತ್ತ್ವದ ಸಂಸ್ಥೆಯೆನಿಸಿತು. ಆಸ್ಪತ್ರೆಯನ್ನೂ ಯಂತ್ರಶಿಲ್ಪಿಗಳ ಪ್ರಯೋಗಶಾಲೆಯನ್ನೂ ಒಂದೇ ಆಡಳಿತದ ಕೆಳಗೆ ತಂದುದು ಆ ಸಂಸ್ಥೆಯ ವಿಶೇಷ.

ಈ ಏರ್ಪಾಡಿನ ಹಿಂದಿದ್ದ ಅವಶ್ಯಕತೆಯನ್ನು ತಿಳಿಯದೆ ಕವಾಟದ ಬೆಲೆಯನ್ನು ಕಟ್ಟಲಾಗದು. ಬಾಲ್ಯದಲ್ಲಿ ಗಂಟಲುನೋವಿನ ಬೆನ್ನಿಗೆ ಬರುವ ಕೀಲುವಾತದ ಜ್ವರವು ಕೆಲವರಲ್ಲಿ ಹೃದಯದ ಕವಾಟಗಳನ್ನು ಕೆಡಿಸುತ್ತದೆ. ಕವಾಟದ ಎಸಳುಗಳು ದಪ್ಪವಾಗಿ, ಒಂದಕ್ಕೊಂದು ಅಂಟಿ, ದಾರಿಯು ಕಿರಿದಾಗುವುದು; ಅಥವಾ ಎಸಳು ಸರಿಯಾಗಿ ಮುಚ್ಚದೆ ರಕ್ತವು ಹಿಮ್ಮುಖವಾಗಿ ಹರಿಯುವುದು. ಇದು ಬಡತನದ, ಇಕ್ಕಟ್ಟಾದ ವಸತಿಯ ಕಾಯಿಲೆ. ಇದಕ್ಕೆ ತುತ್ತಾಗುವವರು ಬಹುಮಟ್ಟಿಗೆ ಮಕ್ಕಳೂ ಯುವಕಯುವತಿಯರೂ. ಕೆಟ್ಟ ಕವಾಟವನ್ನು ತೆಗೆದು ಕೃತಕವಾದುದನ್ನು ಹೊಲಿದರೆ ಅಂಥವರು ಬದುಕಿ ದುಡಿಯಬಲ್ಲರು. ಆದರೆ ಪರದೇಶದಿಂದ ತರಿಸಿದ ಕವಾಟದ ಕ್ರಯವು ಅವರ ಕೈಗೆ ಎಟುಕುತ್ತಿರಲಿಲ್ಲ. ಶಸ್ತ್ರವೈದ್ಯನಿಗೆ ಕೌಶಲವಿದೆ, ರೋಗಿಗೆ ಆಯುಸ್ಸಿದೆ, ನಡುವೆ ಬೇಕಾದ ಒಂದು ಸಣ್ಣ ಸಾಧನವಿಲ್ಲ. ಈ ಕೊರತೆಯನ್ನು ನೀಗುವುದೇ ಪ್ರಯೋಗಶಾಲೆಯ ಗುರಿಯಾಗಿತ್ತು.

೩

ಆ ಸಾಧನದ ಕೆಲಸವು ಹೇಳುವುದಕ್ಕೆ ಸುಲಭ: ರಕ್ತವನ್ನು ಒಂದು ದಿಕ್ಕಿಗೆ ಬಿಡಬೇಕು, ಇನ್ನೊಂದು ದಿಕ್ಕಿಗೆ ತಡೆಯಬೇಕು. ಲೋಹದ ಬಳೆಯೊಳಗೆ ವಾಲಿ ತೆರೆದು ವಾಲಿ ಮುಚ್ಚುವ ಬಿಲ್ಲೆಯೊಂದು, ಅದು ಹಾರಿಹೋಗದಂತೆ ಹಿಡಿಯುವ ಕಂಬಿಗಳು, ಹೃದಯಕ್ಕೆ ಹೊಲಿಯಲು ಬಳೆಯ ಸುತ್ತ ನೂಲಿನ ಪಟ್ಟಿ, ಇಷ್ಟೇ ಅದರ ಅಂಗಗಳು. ಮಾಡುವುದಾದರೋ ಕಷ್ಟ. ಹೃದಯವು ನಿಮಿಷಕ್ಕೆ ೭೦ ಸಲ ಮಿಡಿಯುವುದೆಂದು ಗಣಿಸಿದರೆ ದಿನವೊಂದಕ್ಕೆ ಒಂದು ಲಕ್ಷ ಸಲ, ವರ್ಷಕ್ಕೆ ಮೂರೂವರೆ ಕೋಟಿಗೂ ಮಿಕ್ಕು ಸಲ ಬಿಲ್ಲೆಯು ಕಂಬಿಗೆ ಬಡಿಯುವುದು. ಹತ್ತು ವರ್ಷ ಬಾಳಬೇಕಾದರೆ ಮೂವತ್ತೇಳು ಕೋಟಿಯ ಸಮೀಪದಷ್ಟು ಪೆಟ್ಟುಗಳನ್ನು ಅದು ಸಹಿಸಬೇಕು. ಇಷ್ಟಾದರೂ ಸವೆಯಬಾರದು, ಬಿರಿಯಬಾರದು, ರಕ್ತವನ್ನು ಹೆಪ್ಪುಗಟ್ಟಿಸಬಾರದು, ರಕ್ತಕಣಗಳನ್ನು ಜಜ್ಜಬಾರದು.

ಶ್ರೀ ಚಿತ್ರಾ ಕವಾಟದ ಮೊದಲ ಮೂರು ಮಾದರಿಗಳು ಸೋತವು. ಪ್ರಥಮ ಮಾದರಿಯಲ್ಲಿ ಟೈಟೇನಿಯಮ್ ಲೋಹದ ಚೌಕಟ್ಟು, ಪಾಲಿಅಸಿಟಾಲ್ ಎಂಬ ಕೃತಕ ದ್ರವ್ಯದ ಬಿಲ್ಲೆ, ಕಂಬಿಗಳನ್ನು ಬೆಸೆದಿದ್ದರು. ಬೆಸೆದ ಸ್ಥಳದಲ್ಲಿ ಲೋಹವು ಪೆಡಸಾಗಿ ಕಂಬಿ ಮುರಿಯಿತು. ದ್ವಿತೀಯ ಮಾದರಿಯಲ್ಲಿ ಬೆಸುಗೆಯನ್ನೇ ಬಿಟ್ಟು ಚೌಕಟ್ಟನ್ನು ಒಂದೇ ಗಟ್ಟಿಯಿಂದ ಕಡೆದರು; ಬಿಲ್ಲೆಯನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದ ನೀಲಮಣಿಯ ಹರಳಿನಿಂದ ಮಾಡಿದರು. ಹರಳು ಗಡಸು, ಟೈಟೇನಿಯಮ್ ಮೃದು. ಆದುದರಿಂದ ಬಿಲ್ಲೆಯು ಕಂಬಿಯನ್ನು ಸವೆಯಿಸಿತು. ತೃತೀಯ ಮಾದರಿಯಲ್ಲಿ ಟೈಟೇನಿಯಮ್ಮಿಗೆ ಬದಲಾಗಿ ಹೇನ್ಸ್-೨೫ ಎಂಬ, ಕೋಬಾಲ್ಟ್ ಮತ್ತು ಕ್ರೋಮಿಯಮ್ ಕೂಡಿದ ಗಡಸಾದ ಮಿಶ್ರಲೋಹವು ಬಂದಿತು. ಸವೆತವು ನಿಂತಿತು. ಆದರೆ ಕುರಿಯ ಹೃದಯದಲ್ಲಿ ಪರೀಕ್ಷಿಸುತ್ತಿರುವಾಗ ಹರಳಿನ ಬಿಲ್ಲೆಯು ಅನಿರೀಕ್ಷಿತವಾಗಿ ಒಡೆಯಿತು. ಚತುರ್ಥ ಮಾದರಿಯಲ್ಲಿ ಚೌಕಟ್ಟು ಅದೇ ಮಿಶ್ರಲೋಹದ್ದು. ಬಿಲ್ಲೆ ಮಾತ್ರ ಅತ್ಯಧಿಕ ಅಣುಭಾರವುಳ್ಳ ಪಾಲಿಎಥಿಲೀನಿನದು. ಇದು ನಿಂತಿತು. ೧೯೯೦ನೆಯ ಡಿಸೆಂಬರ್ ೬ರಂದು ಅದನ್ನು ಮೊದಲ ಬಾರಿಗೆ ಮನುಷ್ಯನ ಹೃದಯದಲ್ಲಿ ಕೂಡಿಸಿದರು. ೧೯೯೫ರಲ್ಲಿ ಟಿ. ಟಿ. ಕೆ. ಸಂಸ್ಥೆಯ ಮೂಲಕ ಅದು ಮಾರುಕಟ್ಟೆಗೆ ಬಂದಿತು. ಹೀಗೆ ಕೂಡಿಸಿದ ಕವಾಟಗಳ ಸಂಖ್ಯೆಯು ಕಾಲಕ್ರಮದಲ್ಲಿ ಒಂದು ಲಕ್ಷವನ್ನು ಮೀರಿತು.

ಈ ನಾಲ್ಕು ಹೆಜ್ಜೆಗಳನ್ನು ಕ್ರಮವಾಗಿ ಗಮನಿಸಿದರೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಪ್ರತಿಯೊಂದು ಮಾದರಿಯೂ ತನ್ನ ಹಿಂದಿನ ದೋಷಕ್ಕೆ ಹೇಳಿದ ಉತ್ತರವಾಗಿದೆ. ಬೆಸುಗೆಯ ದೋಷದಿಂದ ಏಕಖಂಡವಾದ ಚೌಕಟ್ಟು, ಸವೆತದ ದೋಷದಿಂದ ಗಡಸಾದ ಲೋಹ, ಒಡಕಿನ ದೋಷದಿಂದ ಮೆತ್ತನೆಯ ಬಿಲ್ಲೆ. ಕೊನೆಗೆ ಗೆದ್ದುದು ಹೆಚ್ಚು ಬೆಲೆಬಾಳುವ ಮಣಿಯಲ್ಲ. ಪೆಟ್ಟನ್ನು ಹೀರಿಕೊಳ್ಳುವ ಸಾಮಾನ್ಯ ದ್ರವ್ಯ. ಗಡಸುತನವೇ ಬಾಳಿಕೆಯೆಂಬ ಊಹೆಯನ್ನು ಆ ಕುರಿಯ ಹೃದಯವು ಸುಳ್ಳುಮಾಡಿತು. ಜಿ. ಎಸ್. ಭುವನೇಶ್ವರರೂ ಅವರ ಜತೆಗಾರರೂ ವಲಿಯತ್ತಾನರೊಡನೆ ಕೂಡಿ ಈ ಮೂರು ಸೋಲುಗಳನ್ನೂ ಅವುಗಳ ಕಾರಣಗಳನ್ನೂ ೧೯೯೬ರಲ್ಲಿ ಹೃದಯಕವಾಟಗಳಿಗೇ ಮೀಸಲಾದ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಹಿರಂಗವಾಗಿ ಪ್ರಕಟಿಸಿದರು. ೨೦೦೧ರಲ್ಲಿ ಪ್ರಕಟವಾದ ಮತ್ತೊಂದು ಲೇಖನವು ಆರು ಚಿಕಿತ್ಸಾಕೇಂದ್ರಗಳ ೩೦೬ ರೋಗಿಗಳ ವೃತ್ತಾಂತವನ್ನು ಕೊಟ್ಟಿತು. ಅವರಲ್ಲಿ ೧೦೧ ಮಂದಿಗೆ ಮಹಾಧಮನಿಯ ಕವಾಟವನ್ನೂ ೨೦೫ ಮಂದಿಗೆ ಮೈಟ್ರಲ್ ಕವಾಟವನ್ನೂ ಬದಲಿಸಲಾಗಿತ್ತು. ಹಿರೇಗುಡ್ಡದ ಚಕ್ಕೆರಾಶಿಯು ಅನುದ್ದೇಶವಾಗಿ ಉಳಿಸಿದುದನ್ನು ಈ ವಿದ್ವಾಂಸರು ಉದ್ದೇಶಪೂರ್ವಕವಾಗಿ ಉಳಿಸಿದರು. ಅವರ ಯಶಸ್ಸಿಗಿಂತಲೂ ಇದು ದೊಡ್ಡದು.

೪

ಇದು ಬರಿಯ ಪ್ರಶಂಸೆಯ ಮಾತಲ್ಲವೆಂಬುದು ಅದೇ ಕಾಲದ ಇನ್ನೊಂದು ಕವಾಟದ ವೃತ್ತಾಂತದಿಂದ ಮನಗಾಣಬಹುದು. ಬ್ಯೋರ್ಕ್-ಶೈಲಿ ಕವಾಟದ ಒಂದು ನೂತನ ರೂಪವು ೧೯೭೯ರಲ್ಲಿ ಬಳಕೆಗೆ ಬಂದು ೧೯೮೬ರಲ್ಲಿ ಮಾರಾಟದಿಂದ ಹಿಂತೆಗೆಯಲ್ಪಟ್ಟಿತು. ಅದರ ನಡುವೆ ಸುಮಾರು ೮೬,೦೦೦ ಮಂದಿಯ ಹೃದಯಗಳಲ್ಲಿ ಅದನ್ನು ಕೂಡಿಸಿದ್ದರು. ಬೆಸೆದ ಕಂಬಿಯು ಮುರಿದು ಬಿಲ್ಲೆಯು ಕಳಚಿಹೋದ ಪ್ರಸಂಗಗಳು ನೂರಾರು. ಹಾಗಾದವರಲ್ಲಿ ಬಹುಮಂದಿ ಬದುಕಲಿಲ್ಲ. ೧೯೯೦ರಲ್ಲಿ ಅಮೆರಿಕೆಯ ಕಾಂಗ್ರೆಸ್ಸಿನ ಸಮಿತಿಯೊಂದರ ವರದಿಯು ಈ ವಿಷಯದಲ್ಲಿ ತಯಾರಕರ ನಡತೆಯನ್ನು ಖಂಡಿಸಿತು. ಕವಾಟವನ್ನು ಧರಿಸಿ ನೆಮ್ಮದಿಯಾಗಿದ್ದ ಸಾವಿರಾರು ಜನರು, ಎದೆಯೊಳಗಿನ ಕಂಬಿಯು ಯಾವಾಗ ಮುರಿಯುವುದೋ ಎಂಬ ಭೀತಿಯಲ್ಲಿ, ಮತ್ತೊಮ್ಮೆ ಎದೆಯನ್ನು ತೆರೆಯಿಸಿಕೊಳ್ಳಬೇಕೋ ಬೇಡವೋ ಎಂದು ನಿಶ್ಚಯಿಸಬೇಕಾಯಿತು.

ಬೆಸುಗೆಯ ದೋಷವು ಎರಡು ಕಡೆಯಲ್ಲಿಯೂ ಇದ್ದಿತು. ಒಂದು ಕಡೆ ಅದು ಪ್ರಯೋಗಶಾಲೆಯ ಯಂತ್ರದಲ್ಲಿಯೇ ಪ್ರಕಟವಾಗಿ ಮಾದರಿಯು ತ್ಯಾಜ್ಯವಾಯಿತು; ಇನ್ನೊಂದು ಕಡೆ ಅದು ರೋಗಿಗಳ ಶರೀರದಲ್ಲಿ ಪ್ರಕಟವಾಯಿತು. ಯಂತ್ರದ ದೋಷವು ಎಂದಾದರೊಂದು ದಿನ ಹೊರಬೀಳದೆ ಇರದು. ಅದು ಎಲ್ಲಿ ಹೊರಬೀಳಬೇಕು ಎಂಬುದಷ್ಟೇ ಮನುಷ್ಯನ ಆಯ್ಕೆ. ಈ ಕಾರಣದಿಂದ ಸೋಲಿನ ಲೆಕ್ಕವನ್ನಿಡುವುದು ವಿನಯದ ಮಾತಲ್ಲ, ಪ್ರಾಣರಕ್ಷಣೆಯ ಮಾತು.

೫

ಇಂಥ ಶಿಸ್ತಿನಲ್ಲಿ ಎರಡು ದಶಕಗಳನ್ನು ಕಳೆದ ಶಸ್ತ್ರವೈದ್ಯರು ಮಣಿಪಾಲಕ್ಕೆ ಬಂದು, ೧೯೯೯ರವರೆಗೆ ವಿಶ್ವವಿದ್ಯಾಲಯದ ಭಾರವನ್ನು ಹೊತ್ತು, ತರುವಾಯ ಪ್ರಾಚೀನ ವೈದ್ಯಸಂಹಿತೆಗಳ ಅಧ್ಯಯನಕ್ಕೆ ತೊಡಗಿದರು. ಚರಕನನ್ನು ಕುರಿತ ಗ್ರಂಥವು ೨೦೦೩ರಲ್ಲಿಯೂ, ಸುಶ್ರುತನನ್ನು ಕುರಿತದ್ದು ೨೦೦೭ರಲ್ಲಿಯೂ, ವಾಗ್ಭಟನನ್ನು ಕುರಿತದ್ದು ೨೦೦೯ರಲ್ಲಿಯೂ ಪ್ರಕಟವಾದುವು. ೨೦೨೪ನೆಯ ಜುಲೈ ೧೭ರಂದು ಮಣಿಪಾಲದಲ್ಲಿಯೇ ಅವರು ಕಾಲವಾದರು.

ಹೃದಯವೈದ್ಯನು ಸುಶ್ರುತನ ಬಳಿಗೆ ಹೋಗುವುದರಲ್ಲಿ ಒಂದು ವೈಚಿತ್ರ್ಯವಿದೆ. ಸುಶ್ರುತಸಂಹಿತೆಯು ಹೃದಯವನ್ನು ಸದ್ಯಃಪ್ರಾಣಹರ ಮರ್ಮಗಳಲ್ಲಿ ಎಣಿಸಿದೆ. ಅಲ್ಲಿ ಗಾಯವಾದರೆ ಮರಣವು ಶೀಘ್ರ, ಆದುದರಿಂದ ಅದು ಶಸ್ತ್ರವು ದೂರವಿರಬೇಕಾದ ಸ್ಥಾನ. ಆ ನಿಷೇಧದ ಸ್ಥಾನದಲ್ಲಿಯೇ ಜೀವಮಾನದ ಕೆಲಸವನ್ನು ಮಾಡಿದವರು ವಲಿಯತ್ತಾನರು. ಹಾಗಾದರೆ ಅವರಿಗೂ ಸುಶ್ರುತನಿಗೂ ಸಮಾನವಾದುದು ಯಾವುದು? ಶಸ್ತ್ರಕ್ರಿಯೆಯ ಸ್ಥಾನವಲ್ಲ, ಉಪಕರಣವನ್ನು ಕುರಿತ ವಿವೇಕ.

ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ಯಂತ್ರಗಳನ್ನು ನೂರೊಂದೆಂದು ಎಣಿಸುತ್ತದೆ: ಸ್ವಸ್ತಿಕಗಳು ೨೪, ಸಂದಂಶಗಳು ೨, ತಾಲಯಂತ್ರಗಳು ೨, ನಾಡೀಯಂತ್ರಗಳು ೨೦, ಶಲಾಕೆಗಳು ೨೮, ಉಪಯಂತ್ರಗಳು ೨೫. ಇವೆಲ್ಲಕ್ಕೂ ಮಿಗಿಲಾದ ಯಂತ್ರವು ವೈದ್ಯನ ಕೈಯೇ ಎಂದು ಅದು ತೀರ್ಮಾನಿಸುತ್ತದೆ. ಮೃಗಪಕ್ಷಿಗಳ ಮುಖಗಳ ಹೋಲಿಕೆಯಿಂದಲೂ, ಶಾಸ್ತ್ರದಿಂದಲೂ, ಬಲ್ಲವರ ಉಪದೇಶದಿಂದಲೂ, ಇತರ ಯಂತ್ರಗಳನ್ನು ನೋಡಿಯೂ, ಯುಕ್ತಿಯಿಂದಲೂ ಯಂತ್ರವನ್ನು ಮಾಡಿಸಬೇಕೆಂದು ವಿಧಿಸುತ್ತದೆ. ಯುಕ್ತಿಗೆ ಇಲ್ಲಿ ಸ್ಥಾನವಿರುವುದರಿಂದ ನೂತನ ಯಂತ್ರನಿರ್ಮಾಣವು ಶಾಸ್ತ್ರವಿರುದ್ಧವಲ್ಲವೆಂದಾಯಿತು. ಇದಕ್ಕಿಂತಲೂ ಗಮನಾರ್ಹವಾದುದು ದೋಷಗಳ ಪಟ್ಟಿ. ಅತಿಸ್ಥೂಲ, ಅಸಾರ, ಅತಿದೀರ್ಘ, ಅತಿಹ್ರಸ್ವ, ಹಿಡಿಯಲಾರದುದು, ಓರೆಯಾಗಿ ಹಿಡಿಯುವುದು, ವಕ್ರ, ಶಿಥಿಲ ಮುಂತಾಗಿ ಯಂತ್ರದೋಷಗಳು ಹನ್ನೆರಡು. ಎಂಟನೆಯ ಅಧ್ಯಾಯದಲ್ಲಿ ಇಪ್ಪತ್ತು ಶಸ್ತ್ರಗಳೂ ಅವುಗಳ ಎಂಟು ದೋಷಗಳೂ ಬರುತ್ತವೆ. ಒರಟು ಅಲಗು ಇತರ ಶಸ್ತ್ರಗಳಿಗೆ ದೋಷ, ಎಲುಬನ್ನು ಕೊಯ್ಯುವ ಗರಗಸಕ್ಕೆ ಮಾತ್ರ ಗುಣ ಎಂಬ ಸೂಕ್ಷ್ಮವನ್ನೂ ಗ್ರಂಥವು ಮರೆತಿಲ್ಲ. ಒಂಬತ್ತನೆಯ ಅಧ್ಯಾಯದಲ್ಲಿ ಶಿಷ್ಯನು ಕುಂಬಳ, ಸೋರೆ, ಸೌತೆಗಳಲ್ಲಿ ಛೇದನವನ್ನೂ, ನೀರು ಅಥವಾ ಕೆಸರು ತುಂಬಿದ ತೊಗಲುಚೀಲಗಳಲ್ಲಿ ಭೇದನವನ್ನೂ, ಸತ್ತ ಪಶುಗಳ ಸಿರೆಗಳಲ್ಲಿಯೂ ತಾವರೆಯ ದಂಟಿನಲ್ಲಿಯೂ ವೇಧನವನ್ನೂ ಅಭ್ಯಾಸಮಾಡಬೇಕೆಂಬ ವಿಧಿಯಿದೆ. ಹತ್ತನೆಯದರಲ್ಲಿ ಅವನು ವೃತ್ತಿಗೆ ಪ್ರವೇಶಿಸುವನು. ಯಂತ್ರ, ಶಸ್ತ್ರ, ಅವುಗಳ ದೋಷ, ನಿರ್ಜೀವ ವಸ್ತುವಿನಲ್ಲಿ ಪರೀಕ್ಷೆ, ಆಮೇಲೆ ಮನುಷ್ಯನ ಶರೀರ: ಈ ಅನುಕ್ರಮವು ಶ್ರೀ ಚಿತ್ರಾ ಪ್ರಯೋಗಶಾಲೆಯ ಅನುಕ್ರಮಕ್ಕೆ ಎಷ್ಟು ಸಮೀಪವೆಂಬುದನ್ನು ವಿವರಿಸಬೇಕಾದುದಿಲ್ಲ.

೬

ವಲಿಯತ್ತಾನರ ಮೂರು ಗ್ರಂಥಗಳು ಅನುವಾದಗಳಲ್ಲ. ಸಂಹಿತೆಗಳಲ್ಲಿ ಅಲ್ಲಲ್ಲಿ ಚದುರಿರುವ ಸಂಗತಿಗಳನ್ನು ವಿಷಯಾನುಸಾರವಾಗಿ ಒಂದೆಡೆಗೆ ತಂದು, ಇಂದಿನ ವಿದ್ಯಾರ್ಥಿಗೆ ಸುಲಭವಾಗುವ ಕ್ರಮದಲ್ಲಿ ಮರುನಿರೂಪಿಸುವುದು ಅವುಗಳ ಮಾರ್ಗ. ಇದರ ಪ್ರಯೋಜನವು ಅಲ್ಪವಲ್ಲ. ಸಂಸ್ಕೃತವನ್ನರಿಯದ ವೈದ್ಯರಿಗೂ ವಿಜ್ಞಾನಿಗಳಿಗೂ ಬೃಹತ್ತ್ರಯಿಯ ಬಾಗಿಲು ತೆರೆದಂತಾಯಿತು. ಭಕ್ತಿಯಿಂದ ಪೂಜಿಸುವವರು ಒಂದು ಕಡೆ, ಓದದೆಯೇ ತಿರಸ್ಕರಿಸುವವರು ಇನ್ನೊಂದು ಕಡೆ ಇರುವ ಕಾಲದಲ್ಲಿ, ಪ್ರಸಿದ್ಧ ಶಸ್ತ್ರವೈದ್ಯರೊಬ್ಬರು ಮೂಲವನ್ನು ಆದ್ಯಂತವಾಗಿ ಓದಿ ಅದರಲ್ಲೇನಿದೆಯೆಂದು ಹೇಳಿದುದೇ ಒಂದು ಉಪಕಾರ.

ಆದರೆ ಈ ಮಾರ್ಗಕ್ಕೆ ತನ್ನದೇ ಆದ ನಷ್ಟವುಂಟು. ಕ್ರಮವನ್ನು ಬದಲಾಯಿಸಿದಾಗ ವಿಷಯವು ಉಳಿಯುತ್ತದೆ, ಕ್ರಮದ ಅಭಿಪ್ರಾಯವು ಉಳಿಯದು. ಮೇಲೆ ಹೇಳಿದ ನಾಲ್ಕು ಅಧ್ಯಾಯಗಳು ಒಂದರ ಬೆನ್ನಿಗೊಂದು ಬರುವುದರಲ್ಲಿಯೇ ಒಂದು ಉಪದೇಶವಿದೆ; ಅವುಗಳ ಸಾಮಗ್ರಿಯನ್ನು ಬೇರೆ ಬೇರೆ ಶೀರ್ಷಿಕೆಗಳ ಕೆಳಗೆ ಹಂಚಿದರೆ ಆ ಉಪದೇಶವು ಚದುರುವುದು. ಇದಕ್ಕಿಂತ ಗುರುತರವಾದ ವಿಷಯವು ಇನ್ನೊಂದಿದೆ. ಈ ಸಂಹಿತೆಗಳು ಒಬ್ಬನ ಬಾಯಿಂದ ಒಂದೇ ಕಾಲದಲ್ಲಿ ಹೊರಟವಲ್ಲ. ಚರಕಸಂಹಿತೆಯ ಕೊನೆಯ ಭಾಗವನ್ನು ದೃಢಬಲನು ಪೂರ್ತಿಗೊಳಿಸಿದನು. ಸುಶ್ರುತಸಂಹಿತೆಗೆ ಪ್ರತಿಸಂಸ್ಕರ್ತೃವು ನಾಗಾರ್ಜುನನೆಂದು ವ್ಯಾಖ್ಯಾನಕಾರ ಡಲ್ಹಣನು ಹೇಳುವನು. ಉತ್ತರತಂತ್ರವು ತರುವಾಯ ಸೇರಿದುದೆಂದು ವಿದ್ವಾಂಸರು ಬಹುಕಾಲದಿಂದ ಅಭಿಪ್ರಾಯಪಟ್ಟಿರುವರು. ಕಠ್ಮಂಡುವಿನಲ್ಲಿ ಕ್ರಿಸ್ತಶಕ ೮೭೮ರ ಕಾಲದ ಸುಶ್ರುತಸಂಹಿತೆಯ ತಾಳೆಯೋಲೆಯ ಪ್ರತಿಯೊಂದಿದೆ. ಮುದ್ರಿತ ಪಾಠಕ್ಕೂ ಅದಕ್ಕೂ ಇರುವ ವ್ಯತ್ಯಾಸಗಳು ಇತ್ತೀಚಿನ ಸಂಶೋಧನೆಯಿಂದ ಒಂದೊಂದಾಗಿ ಬೆಳಕಿಗೆ ಬರುತ್ತಿವೆ. ಕೂಡಿಸಿದ್ದು, ತಿದ್ದಿದ್ದು, ಬಿಟ್ಟದ್ದು ಇವೆಲ್ಲವೂ ಗ್ರಂಥದ ಮೈಮೇಲಿನ ಪೆಟ್ಟುಗಳ ಗುರುತುಗಳು. ಮರುನಿರೂಪಣೆಯು ಅವನ್ನು ನಯಗೊಳಿಸಿ ಒಂದೇ ಧ್ವನಿಯ ಗ್ರಂಥವನ್ನು ವಾಚಕನ ಕೈಗಿಡುತ್ತದೆ. ಸಂಗನಕಲ್ಲಿನ ಸ್ತರಗಳನ್ನು ಕಲಸಿ, ಕೊಡಲಿಗಳನ್ನೆಲ್ಲ ಒಂದು ಕಡೆ, ಮಡಕೆಗಳನ್ನೆಲ್ಲ ಇನ್ನೊಂದು ಕಡೆ ಜೋಡಿಸಿದರೆ ಸಂಗ್ರಹವು ಚೆನ್ನಾಗಿ ಕಾಣುವುದು ನಿಜ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಜ್ಞಾನವು ಮಾತ್ರ ಹೋಗುವುದು.

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಬಲವಾದ ಮಾತೊಂದುಂಟು. ವಾಗ್ಭಟನ ಅಷ್ಟಾಂಗಹೃದಯವೇ ಪೂರ್ವಸಂಹಿತೆಗಳನ್ನು ಸಂಗ್ರಹಿಸಿ, ಸಂಕ್ಷೇಪಿಸಿ, ಹೊಸದಾಗಿ ಜೋಡಿಸಿದ ಕೃತಿಯಲ್ಲವೆ? ಪರಂಪರೆಯೇ ಒಪ್ಪಿದ ಮಾರ್ಗವನ್ನು ಆಧುನಿಕನು ಹಿಡಿದರೆ ತಪ್ಪೇನು? ಉತ್ತರವು ವಾಗ್ಭಟನ ಯಶಸ್ಸಿನಲ್ಲಿಯೇ ಇದೆ. ಅವನ ಸಂಗ್ರಹವು ಎಷ್ಟು ಅನುಕೂಲವಾಯಿತೆಂದರೆ ಅನೇಕ ಪ್ರಾಂತಗಳ ವೈದ್ಯರಿಗೆ, ವಿಶೇಷವಾಗಿ ಕೇರಳದವರಿಗೆ, ಅದೇ ಮುಖ್ಯ ಪಠ್ಯವಾಯಿತು. ಶಸ್ತ್ರಕ್ರಿಯೆಯು ಕೈಯಿಂದ ಜಾರಿ ಪಾಠವಷ್ಟೇ ಉಳಿದ ಕಾಲದಲ್ಲಿ ಅನುಕೂಲವಾದ ಪಾಠವು ಜನಪ್ರಿಯವಾಗುವುದು ಸಹಜ. ಇಂದು ಶಸ್ತ್ರಕ್ರಿಯೆಯೂ ಇದೆ, ಪ್ರಯೋಗಶಾಲೆಯೂ ಇದೆ, ಹಸ್ತಪ್ರತಿಗಳ ಪರಿಶೋಧನೆಯೂ ಇದೆ. ಇಂಥ ಕಾಲದಲ್ಲಿ ಅನುಕೂಲವೊಂದೇ ಸಾಲದು. ಶಸ್ತ್ರವೈದ್ಯರಾದವರು ಪಾಠಸಂಶೋಧಕರೂ ಆಗಿರಬೇಕೆಂದು ಕೇಳುವುದು ಅನ್ಯಾಯವೆನ್ನಬಹುದು. ಆದರೆ ಇಲ್ಲಿ ಬಳಸಿದ ಅಳತೆಗೋಲು ಹೊರಗಿನಿಂದ ತಂದುದಲ್ಲ. ಬೆಸುಗೆ ಎಲ್ಲಿದೆ, ಅದು ಎಲ್ಲಿ ಬಿಡುವುದು ಎಂದು ಮೊದಲು ನೋಡು ಎಂಬುದು ಅವರೇ ಪ್ರಯೋಗಶಾಲೆಯಲ್ಲಿ ಪಾಲಿಸಿದ ನಿಯಮ.

೭

ವಲಿಯತ್ತಾನರು ಗ್ರಂಥನಿರೂಪಣೆಯಲ್ಲಿಯೇ ನಿಂತವರಲ್ಲ. ಆಯುರ್ವೇದದ ಸಿದ್ಧಾಂತಗಳನ್ನು ಇಂದಿನ ಜೀವವಿಜ್ಞಾನದ ಉಪಕರಣಗಳಿಂದ ಪರೀಕ್ಷಿಸಬೇಕೆಂಬ ಕಾರ್ಯಕ್ರಮವನ್ನು ಅವರು ೨೦೦೬ರ ತಮ್ಮ ಪ್ರಬಂಧದಲ್ಲಿ ರೂಪಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಅದನ್ನು ಪ್ರಕಟಿಸಿತು. ಈ ಪ್ರಯತ್ನದ ಫಲಗಳಲ್ಲೊಂದು ೨೦೧೫ರಲ್ಲಿ ಹೊರಬಂದ ಪ್ರಕೃತಿಪರೀಕ್ಷೆ. ವಾತ, ಪಿತ್ತ, ಕಫ ಪ್ರಕೃತಿಗಳಿಗೂ ವಂಶಾಣುಗಳ ಭೇದಗಳಿಗೂ ಸಂಬಂಧವುಂಟೋ ಎಂದು ಅಲ್ಲಿ ನೋಡಲಾಯಿತು. ೩,೪೧೬ ಪುರುಷರನ್ನು ಪರಿಶೀಲಿಸಿ, ಪ್ರಕೃತಿಯು ನಿಸ್ಸಂದೇಹವಾಗಿದ್ದ ೨೬೨ ಮಂದಿಯನ್ನು ಮಾತ್ರ ಆರಿಸಿ, ಅವರ ಅನುವಂಶ ದ್ರವ್ಯವನ್ನು ವಿಶ್ಲೇಷಿಸಿ, ೫೨ ಸ್ಥಾನಗಳಲ್ಲಿ ಭೇದವು ಕಂಡಿತೆಂದೂ, ಪಿ. ಜಿ. ಎಂ.-೧ ಎಂಬ ವಂಶಾಣುವಿಗೂ ಪಿತ್ತಪ್ರಕೃತಿಗೂ ಸಂಬಂಧವು ತೋರಿತೆಂದೂ ವರದಿಮಾಡಲಾಯಿತು.

ಸಿದ್ಧಾಂತವನ್ನು ಸೋಲಿನ ಸಾಧ್ಯತೆಗೆ ಒಡ್ಡಿದುದು ಇಲ್ಲಿನ ಹಿರಿಮೆ. ಪ್ರಯೋಗಶಾಲೆಯ ಧರ್ಮವು ಗ್ರಂಥಕ್ಕೂ ಹಬ್ಬಿದುದರ ಚಿಹ್ನೆಯಿದು. ಆದರೂ ಒರೆಗಲ್ಲಿನ ಪ್ರಶ್ನೆಯು ಇಲ್ಲಿಯೂ ಏಳುತ್ತದೆ. ಆರಿಸಲ್ಪಡದ ೩,೧೫೪ ಮಂದಿಯ ಗತಿಯೇನು? ಅವರಲ್ಲಿ ಬಹುಮಂದಿಯ ಪ್ರಕೃತಿಯು ಮಿಶ್ರವಾಗಿದ್ದಿರಬಹುದು. ಆದರೆ ವೈದ್ಯನ ಎದುರಿಗೆ ಬಂದು ಕುಳಿತುಕೊಳ್ಳುವ ರೋಗಿಯೂ ಹೆಚ್ಚಾಗಿ ಅಂಥವನೇ. ಶುದ್ಧ ಮಾದರಿಗಳಲ್ಲಿ ಕಂಡ ಸಂಬಂಧವು ಉಳಿದವರಲ್ಲಿ ಎಲ್ಲಿಯವರೆಗೆ ನಿಲ್ಲುವುದು, ಎಲ್ಲಿ ಮುರಿಯುವುದು ಎಂಬುದನ್ನು ತೋರಿಸದಿರುವ ತನಕ ಆ ಪರೀಕ್ಷೆಯು ಕವಾಟದ ದ್ವಿತೀಯ ಅಥವಾ ತೃತೀಯ ಮಾದರಿಯ ಹಂತದಲ್ಲಿದೆಯೆಂದು ಭಾವಿಸುವುದು ಯುಕ್ತ. ಇದು ನಿಂದೆಯಲ್ಲ. ತೃತೀಯ ಮಾದರಿಯಿಲ್ಲದೆ ಚತುರ್ಥವು ಹುಟ್ಟುತ್ತಿರಲಿಲ್ಲ.

೮

ಕನ್ನಡಕ್ಕೆ ವೈದ್ಯಶಾಸ್ತ್ರವು ಹೊಸದಲ್ಲ. ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣ ಮೊದಲಾದುವು ಶಾಸ್ತ್ರವನ್ನು ಜನರ ನುಡಿಯಲ್ಲಿ ಹೇಳಬಹುದೆಂಬುದಕ್ಕೆ ಸಾಕ್ಷಿಗಳು. ಇಂದಿನ ಶಾಸ್ತ್ರಜ್ಞರ ಜೀವನವನ್ನು ಕನ್ನಡದಲ್ಲಿ ಬರೆಯುವಾ ಮಾತ್ರ ಚರಿತ್ರೆಯು ಸ್ತುತಿಯ ಕಡೆಗೆ ಜಾರುವುದು ಸುಲಭ: ಬಡವರಿಗಾಗಿ ಮರುಗಿದರು, ಕವಾಟವನ್ನು ಕಂಡುಹಿಡಿದರು, ಪದ್ಮವಿಭೂಷಣರಾದರು ಎಂಬಷ್ಟಕ್ಕೆ ಕಥೆ ಮುಗಿಯುವುದು. ೨೦೦೫ರಲ್ಲಿ ಆ ಪ್ರಶಸ್ತಿಯು ಅವರಿಗೆ ಸಂದುದು ಸತ್ಯವೇ. ಆದರೆ ಕಬ್ಬಿಣದ ಕೆಲಸವನ್ನೋ ವೈದ್ಯವನ್ನೋ ಕಲಿಯುತ್ತಿರುವ ತರುಣನಿಗೆ ಆ ಕಥೆಯಿಂದ ಕೈಗೆ ಹತ್ತುವುದೇನೂ ಇಲ್ಲ. ಬೆಸುಗೆ ಏಕೆ ಬಿಟ್ಟಿತು, ಮಣಿಯು ಏಕೆ ಒಡೆಯಿತು, ಮೆತ್ತನೆಯದು ಏಕೆ ಉಳಿಯಿತು ಎಂಬ ವೃತ್ತಾಂತವಾದರೆ ಅವನ ವಿದ್ಯೆಗೆ ಒದಗುವುದು. ತನ್ನ ಮೊದಲ ಸೋಲನ್ನು ಮುಚ್ಚಿಡಬೇಕೋ ಬರೆದಿಡಬೇಕೋ ಎಂದು ಅವನು ಯೋಚಿಸುವ ದಿನ ಅದು ದಾರಿಯನ್ನು ತೋರಿಸುವುದು.

ಆದುದರಿಂದ ವಲಿಯತ್ತಾನರ ಕೃತಿಗಳಲ್ಲಿ ತಾರತಮ್ಯವನ್ನು ಹೀಗೆ ನಿರ್ಣಯಿಸಬಹುದು. ಅವರ ಮೂರು ಗ್ರಂಥಗಳು ಸಂಹಿತೆಗಳಿಗೆ ಒಳ್ಳೆಯ ಪ್ರವೇಶಗಳು. ಪ್ರವೇಶಿಸಿದವನು ಅಲ್ಲಿಯೇ ನಿಲ್ಲದೆ ಮೂಲಪಾಠಗಳಿಗೂ ಅವುಗಳ ಸ್ತರಭೇದಗಳಿಗೂ ಮುಂದುವರಿಯತಕ್ಕದ್ದು. ಕವಾಟದ ಸೋಲುಗಳನ್ನು ಕುರಿತ ೧೯೯೬ರ ಆ ಸಣ್ಣ ಲೇಖನವಾದರೋ ಗಾತ್ರದಲ್ಲಿ ಮೂರು ಗ್ರಂಥಗಳ ಮುಂದೆ ಏನೂ ಅಲ್ಲದಿದ್ದರೂ, ಯಂತ್ರದೋಷಗಳನ್ನೆಣಿಸಿದ ಪ್ರಾಚೀನ ಅಧ್ಯಾಯಕ್ಕೆ ನಿಜವಾದ ಉತ್ತರಾಧಿಕಾರಿಯಾಗಿದೆ. ಸುಶ್ರುತನ ಪರಂಪರೆಯನ್ನು ವಲಿಯತ್ತಾನರು ಎಲ್ಲಿ ಹೆಚ್ಚು ಯಥಾರ್ಥವಾಗಿ ಮುಂದುವರಿಸಿದರು ಎಂದು ಕೇಳಿದರೆ, ಅವನ ಹೆಸರನ್ನು ಹೊತ್ತ ಪುಸ್ತಕದಲ್ಲಿಯಲ್ಲ, ಅವನ ಹೆಸರೇ ಬಾರದ ಆ ಲೇಖನದ ಕಾರ್ಯದಲ್ಲಿ ಎಂದು ಹೇಳಬೇಕಾಗುತ್ತದೆ. ಕನ್ನಡಕ್ಕೆ ಮೊದಲು ಬರಬೇಕಾದುದು ಅದು.